ಅಲುಗದ ಸಿನಿಮಾ: 'ಲಾ ಜೆತೆ'ಯ ಎರಡು ಗಂಟುಗಳು

ಮೊದಲ ಸಲ ಈ ಸಿನಿಮಾ ಹಾಕಿಕೊಂಡಾಗ ನೆಟ್ ಕೈಕೊಟ್ಟಿತು ಅಂದುಕೊಂಡೆ. ಪರದೆ ಮೇಲೆ ವಿಮಾನ ನಿಲ್ದಾಣದ ಒಂದು ಕಪ್ಪು-ಬಿಳುಪು ಚಿತ್ರ. ವಿಮಾನದ ಸದ್ದು ಜೋರಾಗಿ ಕೇಳಿಸುತ್ತಿದೆ, ಆದರೆ ಒಂದು ವಿಮಾನವೂ ಅಲುಗುತ್ತಿಲ್ಲ. ಸ್ವಲ್ಪ ಹೊತ್ತಿಗೆ ಒಬ್ಬ ಹೆಂಗಸಿನ ಮುಖ ಬಂತು. ಅದೂ ಕದಲಲಿಲ್ಲ. ಎರಡು ಸಲ ಹಿಂದಕ್ಕೆ ಎಳೆದು ಮತ್ತೆ ಹಾಕಿದೆ. ಆಮೇಲೆ ಗೊತ್ತಾಯಿತು, ಕೆಟ್ಟಿರುವುದು ಏನೂ ಇಲ್ಲ, ಸಿನಿಮಾ ಇರುವುದೇ ಹೀಗೆ.

ಇದು 'ಲಾ ಜೆತೆ'. ಫ್ರಾನ್ಸಿನ ಕ್ರಿಸ್ ಮಾರ್ಕರ್ 1962ರಲ್ಲಿ ಮಾಡಿದ್ದು. ಉದ್ದ ಬರೀ 28 ನಿಮಿಷ. ಹೆಚ್ಚುಕಮ್ಮಿ ಇಡೀ ಸಿನಿಮಾ ಸ್ಟಿಲ್ ಫೋಟೋಗಳಲ್ಲೇ ಇದೆ. ಪಾತ್ರಗಳು ನಮ್ಮೆದುರು ಮಾತಾಡುವುದಿಲ್ಲ. ಒಬ್ಬ ಕತೆ ಹೇಳುತ್ತಾ ಹೋಗುತ್ತಾನೆ, ಅಷ್ಟೆ. ಮೂರನೇ ಮಹಾಯುದ್ಧ ನಡೆದು ಪ್ಯಾರಿಸ್ ಹಾಳುಬಿದ್ದ ಮೇಲಿನ ಕತೆ.

'ಪ್ರಯೋಗಾತ್ಮಕ' ಅನ್ನುವ ಹಣೆಪಟ್ಟಿ ಕಂಡರೆ ದೂರ ಸರಿಯುವವರಿದ್ದಾರೆ. ನಾನೂ ಒಂದು ಕಾಲದಲ್ಲಿ ಅವರಲ್ಲೊಬ್ಬನೇ. ಆದರೆ ಇದು ತಲೆಬುಡ ತಿಳಿಯದ ಸಿನಿಮಾ ಅಲ್ಲ. ಒಳಗೆ ಗಟ್ಟಿಯಾದ ಕತೆಯಿದೆ. ಬಿಚ್ಚಬೇಕಾದ ಗಂಟು ಎರಡೇ. ಫೋಟೋಗಳು ಯಾಕೆ? ಕೊನೆಯಲ್ಲಿ ಆಗುವುದಾದರೂ ಏನು? ಕೊನೆಯನ್ನೂ ಇಲ್ಲಿ ಹೇಳಿಬಿಡುತ್ತೇನೆ. ಬೇಡ ಅನ್ನುವವರು ಮೊದಲು 28 ನಿಮಿಷ ಕೊಟ್ಟು ನೋಡಿ ಬನ್ನಿ.

ಹೆಸರಿನಿಂದಲೇ ಶುರು ಮಾಡೋಣ. ಜೆತೆ ಅಂದರೆ ನಮ್ಮ ಕರಾವಳಿಯವರು ದಕ್ಕೆ ಅನ್ನುತ್ತಾರಲ್ಲ, ಅದು. ನೀರಿನೊಳಕ್ಕೆ ಚಾಚಿಕೊಂಡಿರುವ ಕಟ್ಟೆ. ಇಲ್ಲಿ ಅದು ಪ್ಯಾರಿಸ್ಸಿನ ಓರ್ಲಿ ವಿಮಾನ ನಿಲ್ದಾಣದಲ್ಲಿದೆ. ಜನ ನಿಂತು ವಿಮಾನ ನೋಡಲೆಂದು ಉದ್ದಕ್ಕೆ ಚಾಚಿದ ತೆರೆದ ಹಾದಿ. ಓರ್ಲಿಯ ಹೊಸ ಟರ್ಮಿನಲ್ 1961ರಲ್ಲಿ ತೆರೆದಿತ್ತು. ಭಾನುವಾರ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಿ ವಿಮಾನ ಏರುವುದನ್ನು ನೋಡುವುದು ಆಗ ಪ್ಯಾರಿಸ್ ಜನಕ್ಕೆ ಒಂದು ಸಂಭ್ರಮ. ಮಾರ್ಕರ್ ತನ್ನ ಪ್ರಳಯದ ಕತೆಯನ್ನು ಶುರು ಮಾಡುವುದು ಆ ಭಾನುವಾರದ ತಿರುಗಾಟದಿಂದ. ಆಗಿನ್ನೂ ಹೊಸ ಸಿಮೆಂಟಿನ ವಾಸನೆ ಹೋಗಿರದ, ಎಲ್ಲರೂ ಬಂದು ಬಾಯಿಬಿಟ್ಟು ನೋಡುತ್ತಿದ್ದ ಜಾಗದಿಂದ.

ಒಬ್ಬ ಚಿಕ್ಕ ಹುಡುಗ ಅಪ್ಪ ಅಮ್ಮನ ಜೊತೆ ಅಲ್ಲಿ ನಿಂತಿದ್ದಾನೆ. ದಕ್ಕೆಯ ತುದಿಯಲ್ಲಿ ಒಬ್ಬ ಹೆಂಗಸು. ಇದ್ದಕ್ಕಿದ್ದಂತೆ ಸದ್ದು, ಅವಳ ಕೈ ಮೇಲೇಳುತ್ತದೆ, ಯಾರೋ ಕುಸಿದು ಬೀಳುತ್ತಾರೆ, ಜನ ಕೂಗುತ್ತಾರೆ. ತಾನು ನೋಡಿದ್ದು ಒಬ್ಬ ಮನುಷ್ಯನ ಸಾವು ಅನ್ನುವುದು ಹುಡುಗನಿಗೆ ಎಷ್ಟೋ ಕಾಲದ ಮೇಲೆ ತಿಳಿಯುತ್ತದೆ. ಅವನ ಮನಸ್ಸಿನಲ್ಲಿ ಅಚ್ಚೊತ್ತಿ ಉಳಿದದ್ದು ಆ ಹೆಂಗಸಿನ ಮುಖ. ಅದಾಗಿ ಕೆಲವು ವರ್ಷಕ್ಕೆ ಯುದ್ಧ. ಪ್ಯಾರಿಸ್ ನೆಲಸಮ. ನೆಲದ ಮೇಲೆಲ್ಲ ವಿಕಿರಣ, ಬದುಕುವ ಹಾಗಿಲ್ಲ. ಉಳಿದವರು ಶಾಯೋ ಅರಮನೆಯ ಕೆಳಗಿನ ಸುರಂಗಗಳಿಗೆ ಇಳಿಯುತ್ತಾರೆ. ಗೆದ್ದೆವು ಅಂದುಕೊಂಡವರು ಇಲಿಗಳ ಸಾಮ್ರಾಜ್ಯಕ್ಕೆ ಕಾವಲು ನಿಂತಿದ್ದಾರೆ, ಸೋತವರು ಅವರ ಕೈದಿಗಳು. ಆ ಹುಡುಗ ಈಗ ದೊಡ್ಡವನಾಗಿ ಕೈದಿಗಳಲ್ಲೊಬ್ಬ. ಅವನಿಗೆ ಹೆಸರೇ ಇಲ್ಲ. ಹೆಂಗಸಿಗೂ ಇಲ್ಲ.

ಇವತ್ತು ನೋಡಿದರೆ ಇದೆಲ್ಲ ಕಲ್ಪನೆ ಅನ್ನಿಸಬಹುದು. ಆದರೆ ಆ ಸುರಂಗದಲ್ಲಿ ಪ್ರಯೋಗ ಮಾಡುವವರು ಪಿಸುಗುಟ್ಟುವುದು ಜರ್ಮನ್ ಭಾಷೆಯಲ್ಲಿ. ಆಗ ಚಿತ್ರಮಂದಿರದಲ್ಲಿ ಕೂತಿದ್ದ ಫ್ರೆಂಚ್ ಪ್ರೇಕ್ಷಕನಿಗೆ ಆ ಪಿಸುಮಾತು ಏನು ನೆನಪಿಸಿರಬೇಕು ಅಂತ ಬಿಡಿಸಿ ಹೇಳಬೇಕಿಲ್ಲ. ನಾತ್ಸಿಗಳ ಆಳ್ವಿಕೆ ಮುಗಿದು ಇಪ್ಪತ್ತು ವರ್ಷ ಕೂಡ ಆಗಿರಲಿಲ್ಲ. ನಾತ್ಸಿ ಶಿಬಿರಗಳ ಬಗ್ಗೆ ಅಲೇನ್ ರೆನೆ ಮಾಡಿದ 'ನೈಟ್ ಅಂಡ್ ಫಾಗ್' ಸಾಕ್ಷ್ಯಚಿತ್ರದಲ್ಲಿ ಮಾರ್ಕರ್ ಕೂಡ ಕೆಲಸ ಮಾಡಿದ್ದರು. ಇನ್ನೊಂದು ಕಡೆ ಫ್ರಾನ್ಸಿನ ಹಿಡಿತದಿಂದ ಬಿಡಿಸಿಕೊಳ್ಳಲು ಅಲ್ಜೀರಿಯಾ ನಡೆಸಿದ ಯುದ್ಧ. ಅದು ನಿಂತದ್ದು 1962ರ ಮಾರ್ಚ್‌ನಲ್ಲಿ. ಅಲ್ಲಿ ಫ್ರೆಂಚ್ ಸೈನ್ಯವೇ ಕೈದಿಗಳಿಗೆ ಚಿತ್ರಹಿಂಸೆ ಕೊಟ್ಟ ಸುದ್ದಿ ಹಸಿಯಾಗಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟು ಬಂದು ಅಣುಯುದ್ಧ ಇವತ್ತೋ ನಾಳೆಯೋ ಅನ್ನುವ ಹಾಗಾಯಿತು. ಮಾರ್ಕರ್ ಭವಿಷ್ಯದ ಕತೆ ಹೇಳುತ್ತಿದ್ದರೂ ಸಾಮಾನೆಲ್ಲ ಆಗಿನ ಮನೆಯೊಳಗಿನದೇ.

ಸರಿ, ಪ್ರಯೋಗ ಯಾಕೆ? ಭೂಮಿ ಹಾಳಾಗಿದೆ, ಆಕಾಶದ ದಾರಿ ಮುಚ್ಚಿದೆ. ಉಳಿದಿರುವುದು ಕಾಲದ ದಾರಿ ಮಾತ್ರ. ಯಾರನ್ನಾದರೂ ಹಿಂದಕ್ಕೋ ಮುಂದಕ್ಕೋ ಕಳಿಸಿ ಅನ್ನ, ಔಷಧ, ಇಂಧನ ತರಿಸಬೇಕು. ಆದರೆ ಬೇರೆ ಕಾಲದಲ್ಲಿ ಎಚ್ಚರಾಗುವುದು ದೊಡ್ಡವನಾಗಿ ಇನ್ನೊಮ್ಮೆ ಹುಟ್ಟಿದ ಹಾಗೆ. ಆ ಹೊಡೆತ ತಾಳಲಾರದೆ ಕೆಲವರು ಸತ್ತಿದ್ದಾರೆ, ಕೆಲವರಿಗೆ ಹುಚ್ಚು ಹಿಡಿದಿದೆ. ಹಾಗಾಗಿ ಹಳೆಯದೊಂದನ್ನು ಬಲವಾಗಿ ಹಿಡಿದುಕೊಂಡಿರುವ ಮನಸ್ಸು ಬೇಕು. ಬಾವಿಗೆ ಇಳಿಯುವವನಿಗೆ ಹಗ್ಗ ಇದ್ದ ಹಾಗೆ. ನಮ್ಮ ಕೈದಿಗೆ ಅಂಥದ್ದೊಂದು ಹಗ್ಗ ಇದೆ: ಓರ್ಲಿಯ ಆ ಮುಖ.

ಇದನ್ನು ಗಮನಿಸಿ. ಇಲ್ಲಿ ಟೈಮ್ ಮಷಿನ್ ಅಂತ ಏನೂ ಇಲ್ಲ. ಮಿಂಚುವ ದೀಪ, ತಿರುಗುವ ಚಕ್ರ ಯಾವುದೂ ಇಲ್ಲ. ಒಂದು ತೂಗುಮಂಚ, ಸೂಜಿಮದ್ದು, ಕಣ್ಣಿನ ಮೇಲೆ ತಂತಿ ಅಂಟಿಸಿದ ಪಟ್ಟಿ. ಅವನ ಎದೆಬಡಿತದ ಸದ್ದು. ಅಷ್ಟೆ. ಅವನನ್ನು ಹಿಂದಕ್ಕೆ ಎಳೆದುಕೊಂಡು ಹೋಗುವುದು ನೆನಪು. ಫೋಟೋಗಳ ಗಂಟು ಸಡಿಲವಾಗುವುದು ಇಲ್ಲೇ.

ನಿಮ್ಮ ಬಾಲ್ಯದ ಒಂದು ಗಳಿಗೆ ನೆನಪು ಮಾಡಿಕೊಳ್ಳಿ. ಅಜ್ಜಿ ಮನೆ ಜಗುಲಿ, ಶಾಲೆಯ ಮೊದಲ ದಿನ, ಯಾವುದಾದರೂ ಆಗಲಿ. ಅದು ವಿಡಿಯೋ ಥರ ಓಡುತ್ತದೆಯಾ? ನನಗಂತೂ ಓಡುವುದಿಲ್ಲ. ಒಂದು ಮುಖ ಬರುತ್ತದೆ, ಒಂದು ಬಾಗಿಲು, ಯಾರದೋ ಸೀರೆಯ ಅಂಚು. ನಡುವೆ ಬರೀ ಕತ್ತಲೆ. ಮಾರ್ಕರ್ ತೋರಿಸುವುದೂ ಹಾಗೆಯೇ. ಪ್ರಯೋಗದ ಹತ್ತನೇ ದಿನ ಚಿತ್ರಗಳು ಒಸರತೊಡಗುತ್ತವೆ. ಶಾಂತಿಕಾಲದ ಒಂದು ಬೆಳಗು. ಒಂದು ಮಲಗುವ ಕೋಣೆ. ನಿಜವಾದ ಮಕ್ಕಳು, ನಿಜವಾದ ಹಕ್ಕಿಗಳು, ನಿಜವಾದ ಬೆಕ್ಕುಗಳು, ನಿಜವಾದ ಗೋರಿಗಳು. ಒಂದೊಂದೂ ಒಂದೊಂದು ಫೋಟೋ. ಹದಿನಾರನೇ ದಿನ ಅವನು ಓರ್ಲಿಯ ದಕ್ಕೆಯ ಮೇಲಿದ್ದಾನೆ, ಆದರೆ ಅಲ್ಲಿ ಯಾರೂ ಇಲ್ಲ. ಮೂವತ್ತನೇ ದಿನ ಅವಳು ಸಿಗುತ್ತಾಳೆ.

ತಾಂತ್ರಿಕವಾಗಿ ನೋಡಿದರೆ ಇದರಲ್ಲೊಂದು ತಮಾಷೆಯಿದೆ. ಫಿಲ್ಮ್ ರೀಲಿನ ಕಾಲದ ಎಲ್ಲಾ ಸಿನಿಮಾಗಳೂ ಸ್ಟಿಲ್ ಫೋಟೋಗಳೇ. ಸಾಮಾನ್ಯವಾಗಿ ಸೆಕೆಂಡಿಗೆ 24 ಚೌಕಗಳು ಓಡುತ್ತವೆ. ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ. ಅವನ್ನು ಜೋಡಿಸಿ ನಡಿಗೆ, ಓಟ, ನಗು ಮಾಡಿಕೊಳ್ಳುವುದು ನಮ್ಮ ಕಣ್ಣು-ಮಿದುಳು. 28 ನಿಮಿಷಕ್ಕೆ ಲೆಕ್ಕ ಹಾಕಿದರೆ ನಲವತ್ತು ಸಾವಿರ ಚೌಕ ದಾಟುತ್ತದೆ. 'ಲಾ ಜೆತೆ'ಯ ರೀಲಿನಲ್ಲೂ ಅಷ್ಟೇ ಇವೆ. ಒಂದು ಫೋಟೋ ಮೂರು ಸೆಕೆಂಡ್ ನಿಲ್ಲಬೇಕು ಅಂದರೆ ಅದೇ ಚಿತ್ರವನ್ನು 72 ಚೌಕಗಳಲ್ಲಿ ಮತ್ತೆ ಮತ್ತೆ ಅಚ್ಚು ಹಾಕಬೇಕು. ಅಂದರೆ ಮಾರ್ಕರ್ ಸಿನಿಮಾದಿಂದ ಏನನ್ನೂ ಕಿತ್ತುಹಾಕಿಲ್ಲ. ಯಂತ್ರ ಓಡುತ್ತಲೇ ಇದೆ, ಚಿತ್ರ ನಿಂತಿದೆ.

ಹಾಗಂತ ಇದನ್ನು ಮದುವೆ ಮನೆಯ ಫೋಟೋ ಸ್ಲೈಡ್‌ಶೋ ಅಂದುಕೊಳ್ಳಬೇಡಿ. ಎಡಿಟಿಂಗ್ ನೋಡಿ. ಸುರಂಗದ ಚಿತ್ರಗಳು ಥಟ್ಟನೆ ಬದಲಾಗುತ್ತವೆ, ಕೆನ್ನೆಗೆ ಹೊಡೆದ ಹಾಗೆ. ಅವಳ ಚಿತ್ರಗಳು ಬಂದಾಗ ಒಂದು ನಿಧಾನವಾಗಿ ಇನ್ನೊಂದರೊಳಗೆ ಕರಗುತ್ತದೆ. ಧ್ವನಿಯಂತೂ ಎಲ್ಲೂ ನಿಲ್ಲುವುದಿಲ್ಲ. ಕತೆ ಹೇಳುವ ಝಾಂ ನೆಗ್ರೋನಿಯ ದನಿ, ಟ್ರೆವರ್ ಡಂಕನ್ ಅವರ ಸಂಗೀತ, ಪ್ಯಾರಿಸ್ಸಿನ ರಷ್ಯನ್ ಚರ್ಚಿನ ಗಾಯನ, ಪಿಸುಮಾತು, ಜೆಟ್ ವಿಮಾನದ ಮೊರೆತ. ಒಮ್ಮೆ ಕಣ್ಣು ಮುಚ್ಚಿಕೊಂಡು ಕೇಳಿದರೆ ರೇಡಿಯೋ ನಾಟಕದ ಹಾಗೇ ಇರುತ್ತದೆ. ನಿಂತ ಚಿತ್ರಗಳು ಓಡುತ್ತಿವೆ ಅನ್ನಿಸುವುದಕ್ಕೆ ಅರ್ಧ ಕಾರಣ ಕಿವಿ.

ಟೈಟಲ್ ಕಾರ್ಡಿನಲ್ಲಿ ಮಾರ್ಕರ್ ಇದನ್ನು ಸಿನಿಮಾ ಅಂತಲೂ ಕರೆದಿಲ್ಲ. 'ಫೋಟೋ ಕಾದಂಬರಿ' ಅಂದಿದ್ದಾರೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಟಲಿ, ಫ್ರಾನ್ಸ್‌ಗಳಲ್ಲಿ ಫೋಟೋಗಳಲ್ಲೇ ಪ್ರೇಮಕತೆ ಹೇಳುವ ಅಗ್ಗದ ಪತ್ರಿಕೆಗಳು ಭರ್ಜರಿಯಾಗಿ ಮಾರಾಟವಾಗುತ್ತಿದ್ದವು. ಓದಿದವರು ಮೂಗು ಮುರಿಯುತ್ತಿದ್ದ ಸರಕು. ಆ ಹೆಸರನ್ನೇ ಎತ್ತಿ ಇಲ್ಲಿ ಅಂಟಿಸಿದ್ದು ನನಗೆ ಬಹಳ ಇಷ್ಟವಾದ ಕಿಲಾಡಿತನ. ಯಾಕಂದರೆ ಪ್ರಳಯ, ಕಾಲ ಎಲ್ಲ ಪಕ್ಕಕ್ಕಿಟ್ಟರೆ ಇದೂ ಒಂದು ಪ್ರೇಮಕತೆಯೇ ಅಲ್ವಾ.

ಆ ಪ್ರೇಮ ಕೂಡ ವಿಚಿತ್ರ. ಅವನು ಹೇಗೋ ಬರುತ್ತಾನೆ, ಹೇಗೋ ಮಾಯವಾಗುತ್ತಾನೆ. ಅವಳು ಏನೂ ಕೇಳುವುದಿಲ್ಲ. ಅವನನ್ನು 'ನನ್ನ ದೆವ್ವ' ಅಂತ ಕರೆಯುತ್ತಾಳೆ. ಒಂದು ದಿನ ಅವನ ಕೊರಳಿನ ಸರ ನೋಡಿ ಇದೇನು ಅಂತ ಕೇಳುತ್ತಾಳೆ. ಅದು ಸೈನಿಕರು ಹಾಕಿಕೊಳ್ಳುವ ಸರ, ಇನ್ನೂ ಶುರುವಾಗದ ಯುದ್ಧದ್ದು. ಅವನು ಏನೋ ಒಂದು ಕಾರಣ ಹುಟ್ಟಿಸಿ ಹೇಳುತ್ತಾನೆ. ಪ್ಯಾರಿಸ್ಸಿನ ಸಸ್ಯೋದ್ಯಾನದಲ್ಲಿ ಸೆಕೋಯಾ ಮರದ ಅಡ್ಡ ಕತ್ತರಿಸಿದ ದೊಡ್ಡ ತುಂಡೊಂದಿದೆ. ಅದರ ಉಂಗುರಗಳ ಮೇಲೆ ಚರಿತ್ರೆಯ ಇಸವಿಗಳನ್ನು ಗುರುತು ಮಾಡಿದ್ದಾರೆ. ಇಬ್ಬರೂ ಅದರ ಮುಂದೆ ನಿಲ್ಲುತ್ತಾರೆ. ಅವನು ಕೈ ಚಾಚಿ ಮರದ ಆಚೆ, ಬರೀ ಗಾಳಿಯಲ್ಲಿ ಒಂದು ಜಾಗ ತೋರಿಸಿ 'ನಾನು ಬಂದಿರುವುದು ಅಲ್ಲಿಂದ' ಅನ್ನುತ್ತಾನೆ. ಹಿಚ್‌ಕಾಕ್‌ರ 'ವರ್ಟಿಗೊ' ನೋಡಿದವರಿಗೆ ಈ ಮರ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ಅಲ್ಲಿ ನಾಯಕಿ ಉಂಗುರಗಳ ಒಳಗೇ ಬೆರಳಿಟ್ಟು ತನ್ನ ಹುಟ್ಟು-ಸಾವು ತೋರಿಸುತ್ತಾಳೆ. ಇವನ ಕಾಲ ಮರದಲ್ಲೇ ಇಲ್ಲ. ಮರ ಅಷ್ಟು ಬೆಳೆದಿರಲಿಲ್ಲ.

ಈಗ ಆ ಪ್ರಸಿದ್ಧ ಗಳಿಗೆ. ಸಿನಿಮಾ ಅರ್ಧ ದಾಟಿದೆ. ಅವಳು ಹಾಸಿಗೆಯಲ್ಲಿ ಮಲಗಿದ್ದಾಳೆ, ಕೆನ್ನೆ ದಿಂಬಿನ ಮೇಲೆ. ಒಂದು ಫೋಟೋ. ಅದು ಕರಗಿ ಇನ್ನೊಂದು. ತಲೆ ಸ್ವಲ್ಪ ಹೊರಳಿದೆ. ಮತ್ತೊಂದು. ಕೈ ಮುಖದ ಹತ್ತಿರ ಬಂದಿದೆ. ಹೊರಗೆ ಹಕ್ಕಿಗಳು. ಕತೆ ಹೇಳುವವನು ಸುಮ್ಮನಾಗಿದ್ದಾನೆ. ಕರಗುವುದು ಬೇಗ ಬೇಗ ಆಗುತ್ತಿದೆ, ಹಕ್ಕಿಗಳ ಸದ್ದು ಏರುತ್ತಾ ಏರುತ್ತಾ ಕಿವಿ ಚುಚ್ಚುವಷ್ಟಾಗುತ್ತದೆ. ಆಗ ಅವಳು ಕಣ್ಣು ಬಿಡುತ್ತಾಳೆ. ನಿಜವಾಗಿ ಬಿಡುತ್ತಾಳೆ. ನಮ್ಮನ್ನೇ ನೋಡಿ ರೆಪ್ಪೆ ಬಡಿಯುತ್ತಾಳೆ. ಇಡೀ ಸಿನಿಮಾದಲ್ಲಿ ಚಲಿಸುವ ಶಾಟ್ ಇದೊಂದೇ, ಕೆಲವೇ ಸೆಕೆಂಡು. ಮರುಕ್ಷಣ ಪ್ರಯೋಗ ನಡೆಸುವವನ ಮುಖಕ್ಕೆ ಕಟ್.

ಮೊದಲ ಸಲ ನೋಡಿದಾಗ ಅನೇಕರಿಗೆ ಇದು ಗೊತ್ತೇ ಆಗುವುದಿಲ್ಲ. ಏನೋ ಆಯಿತಲ್ಲ ಅನ್ನಿಸುತ್ತದೆ, ಏನು ಅಂತ ತಿಳಿಯುವುದಿಲ್ಲ. ನನಗೂ ಹಾಗೇ ಆಗಿತ್ತು. ಅಲ್ಲಿಯವರೆಗೆ ಅವನು ಅವಳನ್ನು ನೆನೆಯುತ್ತಿದ್ದ. ಆ ಕೆಲವು ಸೆಕೆಂಡು ಮಾತ್ರ ಅವಳ ಜೊತೆ ಇದ್ದ. ಹೆಚ್ಚುಕಮ್ಮಿ ಇಪ್ಪತ್ತು ನಿಮಿಷ ನಮ್ಮನ್ನು ಫೋಟೋಗಳಿಗೆ ಒಗ್ಗಿಸಿದ್ದು ಈ ಒಂದು ರೆಪ್ಪೆ ಬಡಿತಕ್ಕೆ ಬೆಲೆ ಬರಲಿ ಅಂತ. ಬೇರೆ ಸಿನಿಮಾದಲ್ಲಿ ಕಣ್ಣು ಬಿಡುವುದು ಒಂದು ಘಟನೆಯೇ ಅಲ್ಲ, ಪ್ರತಿ ನಿಮಿಷ ಯಾರೋ ಒಬ್ಬರು ಬಿಡುತ್ತಲೇ ಇರುತ್ತಾರೆ.

ಅದಾದ ಮೇಲೆ ಬರುವುದು ಪ್ರಾಣಿಗಳ ಮ್ಯೂಸಿಯಂ. ಹುಲ್ಲು ತುಂಬಿಸಿ ನಿಲ್ಲಿಸಿದ ಮೃಗಗಳು, ತಿಮಿಂಗಿಲದ ಎಲುಬು, ಗಾಜಿನಾಚೆ ಹಕ್ಕಿಗಳು. ನಡುವೆ ಇವರಿಬ್ಬರು ಬೆರಳು ತೋರಿಸಿಕೊಂಡು ನಗುತ್ತಾ ಓಡಾಡುತ್ತಾರೆ. ಕತೆಯಲ್ಲಿ ಅವರು ಅತಿ ಖುಷಿಯಾಗಿರುವ ಹೊತ್ತು ಅದು. ಆದರೆ ಫೋಟೋದಲ್ಲಿ ಎಲ್ಲವೂ ಒಂದೇ. ಸತ್ತ ಜಿರಾಫೆಯೂ ಅಲುಗುವುದಿಲ್ಲ, ನಗುವ ಹುಡುಗಿಯೂ ಅಲುಗುವುದಿಲ್ಲ. ಅವಳ ಲೋಕವೂ ಸುಟ್ಟುಹೋಗಲಿದೆ ಅನ್ನುವುದು ಅವನಿಗೆ ಗೊತ್ತು, ನಮಗೂ ಗೊತ್ತು. ಅವಳಿಗೆ ಗೊತ್ತಿಲ್ಲ. ಇದನ್ನು ಓಡುವ ಚಿತ್ರದಲ್ಲಿ ತೆಗೆದಿದ್ದರೆ ಈ ಸಂಕಟ ಬರುತ್ತಲೇ ಇರಲಿಲ್ಲ.

ಮಾರ್ಕರ್ ಇಷ್ಟೆಲ್ಲ ಮೊದಲೇ ಲೆಕ್ಕ ಹಾಕಿ ಮಾಡಿದರಾ? ಇಲ್ಲ ಅಂತ ಅವರೇ ಹೇಳಿಕೊಂಡಿದ್ದಾರೆ. ಆಗ ಅವರು ಪ್ಯಾರಿಸ್ ಜನರನ್ನು ಮಾತಾಡಿಸುತ್ತಾ 'ಲ ಜೋಲಿ ಮೇ' ಅನ್ನುವ ಉದ್ದದ ಸಾಕ್ಷ್ಯಚಿತ್ರ ತೆಗೆಯುತ್ತಿದ್ದರು. ತಂಡಕ್ಕೆ ರಜೆ ಇದ್ದ ದಿನ ತಾವು ಪೆಂಟಾಕ್ಸ್ ಸ್ಟಿಲ್ ಕ್ಯಾಮೆರಾ ಹಿಡಿದು, ತಮಗೇ ಪೂರ್ತಿ ಅರ್ಥವಾಗದ ಒಂದು ಕತೆಯ ಫೋಟೋ ತೆಗೆದರಂತೆ. ಎಲ್ಲ ಒಂದಕ್ಕೊಂದು ಕೂಡಿಕೊಂಡದ್ದು ಎಡಿಟಿಂಗ್ ಮೇಜಿನ ಮೇಲೆ. ಮಾರ್ಕರ್ ತಮ್ಮ ಫೋಟೋ ತೆಗೆಯಲು ಬಿಡುತ್ತಿರಲಿಲ್ಲ. ಯಾರಾದರೂ ಕೇಳಿದರೆ ಬೆಕ್ಕಿನ ಚಿತ್ರ ಕೊಡುತ್ತಿದ್ದರು. ಫೋಟೋಗಳಲ್ಲೇ ಸಿನಿಮಾ ಮಾಡಿದ ಮನುಷ್ಯ! 1921ರ ಜುಲೈ 29ರಂದು ಹುಟ್ಟಿದವರು 2012ರ ಜುಲೈ 29ರಂದು ತೀರಿಕೊಂಡರು. ವರ್ತುಲದ ಕತೆ ಹೇಳಿದವರಿಗೆ ಇದೂ ಒಪ್ಪುವಂತೇ ಇದೆ.

ನಟರಲ್ಲೂ ವೃತ್ತಿಯ ತಾರೆಯರಿಲ್ಲ. ನಾಯಕ ದಾವೋಸ್ ಹಾನಿಚ್, ನಾಯಕಿ ಎಲೆನ್ ಶಾತ್ಲೆನ್. ಪ್ರಯೋಗ ನಡೆಸುವ ತಣ್ಣನೆಯ ಮುಖದವನು ಝಾಕ್ ಲೆದೂ. ನಿಜಜೀವನದಲ್ಲಿ ಅವರು ಬೆಲ್ಜಿಯಂನ ರಾಯಲ್ ಫಿಲ್ಮ್ ಸಂಗ್ರಹಾಲಯದ ಮುಖ್ಯಸ್ಥರಾಗಿದ್ದರು. ಹಳೆಯ ಸಿನಿಮಾಗಳನ್ನು ಹುಡುಕಿ ಉಳಿಸುವುದೇ ಅವರ ಕೆಲಸವಾಗಿತ್ತು. ಅಂಥವರ ಕೈಯಲ್ಲೇ ಜನರನ್ನು ಹಳೆಯ ಕಾಲಕ್ಕೆ ಕಳಿಸುವ ಪಾತ್ರ ಮಾಡಿಸಿದ್ದಾರೆ. ಸಿನಿಮಾಕ್ಕೆ 1963ರಲ್ಲಿ ಝಾಂ ವಿಗೋ ಪ್ರಶಸ್ತಿ ಬಂತು. 1995ರಲ್ಲಿ ಟೆರ್ರಿ ಗಿಲಿಯಂ ಇದೇ ಎಳೆ ಹಿಡಿದು ಬ್ರೂಸ್ ವಿಲ್ಲಿಸ್ ಜೊತೆ '12 ಮಂಕೀಸ್' ಮಾಡಿದರು. ಅಣುಯುದ್ಧದ ಜಾಗದಲ್ಲಿ ವೈರಸ್. ಅದೂ ಒಳ್ಳೆಯ ಸಿನಿಮಾನೇ, ಆದರೆ ಎರಡು ಗಂಟೆಗೂ ಜಾಸ್ತಿ ಹಿಡಿಯುತ್ತದೆ.

ಇನ್ನು ಎರಡನೇ ಗಂಟು. ಹಿಂದಕ್ಕೆ ಹೋಗಿಬರುವುದನ್ನು ಕಲಿತವನನ್ನು ಈಗ ಮುಂದಕ್ಕೆ ಕಳಿಸುತ್ತಾರೆ. ಭವಿಷ್ಯದ ಜನ ಹಣೆಯಲ್ಲಿ ಗುರುತಿಟ್ಟುಕೊಂಡ ಶಾಂತ ಮುಖದವರು. ಮೊದಲು ಅವನನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಅವನು ಬಾಯಿಪಾಠ ಮಾಡಿದ ಮಾತು ಹೇಳುತ್ತಾನೆ: ಮನುಷ್ಯಕುಲ ಉಳಿದಿದೆ, ನೀವೇ ಅದಕ್ಕೆ ಸಾಕ್ಷಿ. ಹಾಗಿದ್ದ ಮೇಲೆ ಉಳಿಯಲು ಬೇಕಾದದ್ದನ್ನು ನಿಮ್ಮದೇ ಹಿಂದಿನವರಿಗೆ ಕೊಡುವುದಿಲ್ಲ ಅನ್ನುವಂತಿಲ್ಲ. ಕೇಳಲು ಚೆಂದ, ಆದರೆ ಕುತರ್ಕ. ಅವರು ಕೊಟ್ಟರು ಅಂತ ಇವರು ಉಳಿದರು, ಇವರು ಉಳಿದರು ಅಂತ ಅವರು ಕೊಟ್ಟರು. ಕತೆ ಹೇಳುವವನೇ ಇದು ಕುತರ್ಕ ಅನ್ನುತ್ತಾನೆ, ಆದರೆ ವಿಧಿ ವೇಷ ಹಾಕಿ ಬಂದಿದೆ ಅಂತ ಅವರು ಒಪ್ಪಿಕೊಂಡರಂತೆ. ಸುಮ್ನೆ ಬಂದ ಮಾತಲ್ಲ ಇದು. ಕೊನೆಯಲ್ಲಿ ಆಗುವುದರ ಸಣ್ಣ ಮಾದರಿ.

ಅವನು ಇಂಧನದ ಮೂಲ ತಂದುಕೊಡುತ್ತಾನೆ. ಕೆಲಸ ಮುಗಿಯಿತು, ಇನ್ನು ಅವನನ್ನು ಕೊಲ್ಲುವುದೊಂದೇ ಬಾಕಿ. ಆಗ ಭವಿಷ್ಯದವರು ನಮ್ಮಲ್ಲಿಗೇ ಬಾ ಅಂತ ಕರೆಯುತ್ತಾರೆ. ಬೇಡ ಅನ್ನುತ್ತಾನೆ. ನನ್ನನ್ನು ಬಾಲ್ಯದ ಲೋಕಕ್ಕೆ ಕಳಿಸಿ, ಅಲ್ಲಿ ಅವಳು ಕಾಯುತ್ತಿರಬಹುದು. ಕಳಿಸುತ್ತಾರೆ. ಓರ್ಲಿ, ಭಾನುವಾರ, ದಕ್ಕೆ. ಅವಳು ತುದಿಯಲ್ಲಿದ್ದಾಳೆ. ಅವನು ಓಡುತ್ತಾನೆ. ಸುರಂಗದಿಂದಲೇ ಹಿಂಬಾಲಿಸಿ ಬಂದ ಕಾವಲಿನವನು ಅಲ್ಲಿ ನಿಂತಿರುವುದು ಕಾಣುತ್ತದೆ. ಗುಂಡು. ಹುಡುಗನಾಗಿದ್ದಾಗ ತಾನು ನೋಡಿದ್ದು ತನ್ನದೇ ಸಾವು ಅನ್ನುವುದು ಬೀಳುವಾಗ ಅವನಿಗೆ ತಿಳಿಯುತ್ತದೆ.

ಇದನ್ನು ಬಿಡಿಸಿ ನೋಡಿ. ಅವನ ಸಾವನ್ನು ಹುಡುಗ ನೋಡಿದ, ಹಾಗಾಗಿ ಆ ಚಿತ್ರ ಮನಸ್ಸಿನಲ್ಲಿ ಉಳಿಯಿತು. ಉಳಿದಿದ್ದರಿಂದಲೇ ಪ್ರಯೋಗಕ್ಕೆ ಅವನನ್ನು ಆರಿಸಿದರು. ಆರಿಸಿದ್ದರಿಂದ ಹಿಂದಕ್ಕೆ ಹೋಗಿ ಸತ್ತ. ಸತ್ತಿದ್ದರಿಂದ ಹುಡುಗ ನೋಡಿದ. ಬೀಜ ಮೊದಲೋ ಮರ ಮೊದಲೋ ಅನ್ನುವ ಹಾಗೆ, ಎಲ್ಲಿ ಕೈ ಇಟ್ಟರೂ ಶುರು ಸಿಗುವುದಿಲ್ಲ. ಕಾಲದಲ್ಲಿ ಹಿಂದೆ ಹೋಗುವ ಕತೆಗಳಲ್ಲಿ ಎರಡು ಜಾತಿ. ಒಂದರಲ್ಲಿ ಹಿಂದಕ್ಕೆ ಹೋದವನು ಆದದ್ದನ್ನು ತಿದ್ದುತ್ತಾನೆ. ಇನ್ನೊಂದರಲ್ಲಿ ಅವನು ಹೋಗಿದ್ದು ಕೂಡ ಆದದ್ದರಲ್ಲೇ ಸೇರಿಹೋಗಿರುತ್ತದೆ. 'ಲಾ ಜೆತೆ' ಎರಡನೇ ಜಾತಿಯದು. ಇಲ್ಲಿ ಹಳೆಯ ಕಾಲ ಅನ್ನುವುದು ಆಗಲೇ ತೆಗೆದಿಟ್ಟ ಫೋಟೋ. ಫೋಟೋದೊಳಕ್ಕೆ ನುಗ್ಗಬಹುದು, ಅದರಲ್ಲಿ ಒಂದು ಬೆರಳನ್ನೂ ಕದಲಿಸಲು ಆಗುವುದಿಲ್ಲ.

ಕೊನೆಯ ಓಟವನ್ನು ನಿಧಾನವಾಗಿ ನೋಡಿ. ಒಂದು ಚಿತ್ರದಲ್ಲಿ ಅವನ ಕಾಲು ನೆಲ ಬಿಟ್ಟಿದೆ, ಇನ್ನೊಂದರಲ್ಲಿ ಕೋಟು ಹಾರುತ್ತಿದೆ. ನೆಗೆತಗಳು ಕಾಣುತ್ತವೆ, ಓಟ ಕಾಣುವುದಿಲ್ಲ. ಎಷ್ಟು ಓಡಿದರೂ ಅವನು ಅವಳ ಹತ್ತಿರ ಬಂದ ಹಾಗೇ ಆಗುವುದಿಲ್ಲ. ಗುಂಡು ತಾಗಿದಾಗ ಬೆನ್ನು ಬಿಲ್ಲಿನಂತೆ ಬಾಗಿ ಕೈ ಮೇಲಕ್ಕೆ ಚಾಚಿಕೊಳ್ಳುತ್ತದೆ, ಚಿತ್ರ ಅಲ್ಲೇ ನಿಲ್ಲುತ್ತದೆ.

ಓಡುವುದಕ್ಕೆ ಸ್ವಲ್ಪ ಮೊದಲು ಕತೆ ಹೇಳುವವನು ಒಂದು ಮಾತು ಹೇಳುತ್ತಾನೆ. ಬೆಚ್ಚಗಿನ ಆ ಭಾನುವಾರ ದಕ್ಕೆಯ ಮೇಲೆ ನಿಂತಾಗ ಅವನಿಗೆ ಸ್ವಲ್ಪ ತಲೆ ಸುತ್ತಿದಂತಾಗುತ್ತದೆ. ತಾನಾಗಿದ್ದ ಆ ಹುಡುಗನೂ ಇಲ್ಲೇ ಎಲ್ಲೋ ವಿಮಾನ ನೋಡುತ್ತಾ ನಿಂತಿರಬೇಕಲ್ಲ ಅಂತ ಹೊಳೆಯುತ್ತದೆ. ಆದರೆ ಅವನು ಹುಡುಗನನ್ನು ಹುಡುಕುವುದಿಲ್ಲ. ದಕ್ಕೆಯ ತುದಿಯಲ್ಲಿ ಅವಳ ಮುಖ ಹುಡುಕುತ್ತಾನೆ, ಕಂಡ ಕೂಡಲೇ ಓಡತೊಡಗುತ್ತಾನೆ.